ಗಿಟ್‌ಹಬ್ ವರ್ಕ್‌ಫ್ಲೋ ತಿದ್ದುವ ಅನುಮತಿಯನ್ನು ಎಐ ಏಜೆಂಟ್‌ಗೆ ಕೊಡಬೇಕೇ?

ಪ್ರಶ್ನೆ:
ಗಿಟ್‌ಹಬ್‌ನಲ್ಲಿರುವ ನಮ್ಮ ರೆಪೊಸಿಟರಿಯಲ್ಲಿ (ಕೋಡ್ ಸಂಗ್ರಹದಲ್ಲಿ) ಸಣ್ಣಪುಟ್ಟ ದೋಷಗಳನ್ನು ಸರಿಪಡಿಸುವ ಕೆಲಸವನ್ನು ಎಐ ಏಜೆಂಟ್‌ಗೆ ವಹಿಸಿದ್ದೇವೆ. ಅದು ಕೋಡ್ ಬರೆಯಲಿ, ಆದರೆ ಪರೀಕ್ಷೆ ನಡೆಸಿ ಸರ್ವರ್‌ಗೆ ಕಳುಹಿಸುವ ಗಿಟ್‌ಹಬ್ ಆಕ್ಷನ್ಸ್‌ನ ವರ್ಕ್‌ಫ್ಲೋ ಕಡತಗಳನ್ನು ಮುಟ್ಟಬಾರದು. ಪ್ರಾಂಪ್ಟ್‌ನಲ್ಲಿ ಹಾಗೆಂದು ಬರೆದರೆ ಸಾಕೇ?

ಉತ್ತರ:
ಖಂಡಿತ ಸಾಲದು. ಪ್ರಾಂಪ್ಟ್ ಒಂದು ಸೂಚನೆಯೇ ಹೊರತು ತಡೆಯಲ್ಲ. ಹೊರಗಿನವರು ಇಶ್ಯೂ (ರೆಪೊಸಿಟರಿಯಲ್ಲಿ ದಾಖಲಿಸುವ ದೂರು) ಒಂದರಲ್ಲಿ ಬರೆದಿಟ್ಟ ಸಾಲನ್ನೇ ಏಜೆಂಟ್ ಹೊಸ ಆಜ್ಞೆಯೆಂದು ತೆಗೆದುಕೊಳ್ಳಬಹುದು. ಏಜೆಂಟ್‌ಗೆ ಕೊಡುವ ಫೈನ್-ಗ್ರೇನ್ಡ್ ಟೋಕನ್‌ನಲ್ಲಿ (ಅನುಮತಿಗಳನ್ನು ಒಂದೊಂದಾಗಿ ಆರಿಸಬಹುದಾದ ಪ್ರವೇಶ ಕೀಲಿಯಲ್ಲಿ) ‘ಕಂಟೆಂಟ್ಸ್’ (ಕಡತಗಳು) ಮತ್ತು ‘ವರ್ಕ್‌ಫ್ಲೋಸ್’ ಬೇರೆ ಬೇರೆ ಅನುಮತಿಗಳಾಗಿರುವುದರಿಂದ, ಮೊದಲನೆಯದನ್ನು ಮಾತ್ರ ಕೊಟ್ಟರೆ ವರ್ಕ್‌ಫ್ಲೋ ಕಡತವನ್ನು ಬದಲಿಸುವ ಪುಶ್ ಅನ್ನು ಗಿಟ್‌ಹಬ್ ತಾನೇ ತಿರಸ್ಕರಿಸುತ್ತದೆ.

ಇನ್ನೊಂದು ಉತ್ತರ:
ಮೇಲಿನ ಸಲಹೆ ಸರಿಯಾದದ್ದೇ, ಆದರೂ ಒಂದು ದಾರಿ ತೆರೆದೇ ಉಳಿಯುತ್ತದೆ. ವರ್ಕ್‌ಫ್ಲೋ ‘ಎನ್‌ಪಿಎಂ ಟೆಸ್ಟ್’ (ಜಾವಾಸ್ಕ್ರಿಪ್ಟ್ ಕೋಡ್‌ನ ಪರೀಕ್ಷೆ ಓಡಿಸುವ ಆದೇಶ) ಎಂದಷ್ಟೇ ಹೇಳಿದರೆ, ನಿಜವಾಗಿ ಓಡುವ ಆದೇಶ ಇರುವುದು ಪ್ಯಾಕೇಜ್ ಡಾಟ್ ಜೇಸನ್ ಕಡತದಲ್ಲಿ, ಮತ್ತು ಅದನ್ನು ತಿದ್ದಲು ‘ವರ್ಕ್‌ಫ್ಲೋಸ್’ ಅನುಮತಿಯೇ ಬೇಕಿಲ್ಲ. ನನ್ನ ಪ್ರಕಾರ ಹೆಚ್ಚಿನ ತಂಡಗಳು ಗಮನಿಸದೆ ಬಿಡುವುದು ಇದನ್ನೇ. ಆದ್ದರಿಂದ ಇಂಥ ಕಡತಗಳನ್ನೂ ಕೋಡ್‌ಓನರ್ಸ್ ಪಟ್ಟಿಗೆ (ಯಾವ ಕಡತಕ್ಕೆ ಯಾರು ಹೊಣೆ ಎಂದು ಹೇಳುವ ಕಡತ) ಸೇರಿಸಿ, ಮೇನ್ ಬ್ರಾಂಚ್‌ಗೆ (ಕೋಡ್‌ನ ಮುಖ್ಯ ಶಾಖೆಗೆ) ಬದಲಾವಣೆ ಸೇರಲು ಆ ಹೊಣೆಗಾರರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿ. ಬೇರೆ ಬ್ರಾಂಚ್‌ನಲ್ಲಿ ಓಡುವ ಕೋಡ್‌ಗೆ ಸರ್ವರ್ ಕೀಲಿಗಳು ಸಿಗದಂತೆ, ಅವನ್ನು ಮೇನ್ ಬ್ರಾಂಚ್‌ಗೆ ಮಾತ್ರ ಸೀಮಿತವಾದ ಎನ್ವಿರಾನ್‌ಮೆಂಟ್‌ನಲ್ಲಿ ಇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ವಿಫಲವಾದ ರನ್‌ಗಳ ಲಾಗ್ ಓದಲು ಮತ್ತೊಂದು ಏಜೆಂಟ್ ಇದೆ. ಅದಕ್ಕೂ ಇದೇ ಟೋಕನ್ ಕೊಡಬಹುದೇ?

ಉತ್ತರ:
ಬೇಡ. ಅದಕ್ಕೆ ‘ಆಕ್ಷನ್ಸ್’ ಓದುವ ಅನುಮತಿ ಮಾತ್ರವಿರುವ ಪ್ರತ್ಯೇಕ ಟೋಕನ್ ಮಾಡಿಕೊಡಿ. ಗಿಟ್‌ಹಬ್‌ನ ಎಂಸಿಪಿ ಸರ್ವರ್ (ಏಜೆಂಟ್‌ಗೆ ಗಿಟ್‌ಹಬ್ ಟೂಲ್‌ಗಳನ್ನು ಒದಗಿಸುವ ಪ್ರೋಗ್ರಾಂ) ಬಳಸುವುದಾದರೆ ರೀಡ್-ಓನ್ಲಿ ಆಯ್ಕೆಯೊಂದಿಗೆ ಚಾಲೂ ಮಾಡಿ. ಆಗ ಬದಲಾವಣೆ ಮಾಡುವ ಟೂಲ್‌ಗಳು ಏಜೆಂಟ್‌ನ ಪಟ್ಟಿಯಲ್ಲೇ ಇರುವುದಿಲ್ಲ.