ದುಬೈನ ಸತ್ವಾದಲ್ಲಿ ಕಮ್ಮಿ ದುಡ್ಡಿನ ಪಾಕಿಸ್ತಾನಿ ಊಟ: ತಿಂದು ಬಂದವರು ಹೇಳಿ

ಪ್ರಶ್ನೆ, ಗೋಣಿಕೊಪ್ಪದಿಂದ

ಎಲ್ಲರಿಗೂ ನಮಸ್ಕಾರ. ಕಾಫಿ ಕುಯ್ಲು ಮುಗಿದ ಮೇಲೆ ಅತ್ತೆ, ಮಾವ, ಮಗಳನ್ನು ಕರೆದುಕೊಂಡು ದುಬೈಗೆ ಹೊರಟಿದ್ದೇನೆ. ನಮ್ಮ ಯಜಮಾನರು ಅಲ್ಲೇ ಕೆಲಸದಲ್ಲಿದ್ದಾರೆ. ಸತ್ವಾದ ಕಡೆ ಪಾಕಿಸ್ತಾನಿ, ಇಂಡಿಯನ್ ಊಟ ಕಮ್ಮಿ ರೇಟಿಗೆ ಚೆನ್ನಾಗಿ ಸಿಗುತ್ತದೆ, ಒಂದು ರಾತ್ರಿ ಎಲ್ಲರೂ ಹೋಗೋಣ ಅನ್ನುತ್ತಿದ್ದಾರೆ. ಮಾವ ಮಿಲಿಟರಿಯಿಂದ ರಿಟೈರ್ ಆದವರು. ಮಟನ್ ಅಂದರೆ ತುಂಬಾ ಇಷ್ಟ, ದನದ ಮಾಂಸ ಮಾತ್ರ ಮುಟ್ಟುವುದಿಲ್ಲ. ಅತ್ತೆ ಸೋಮವಾರ ಮಾಂಸ ತಿನ್ನುವುದಿಲ್ಲ. ಮಗಳು ಚಿಕ್ಕವಳು, ಖಾರ ಆಗಲ್ಲ. ಅಂಥ ಸಾದಾ ಹೋಟೆಲಿಗೆ ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ? ಹೋದರೆ ಏನು ತಗೊಳ್ಳಬೇಕು?

ವಿರಾಜಪೇಟೆಯಿಂದ

ಅಕ್ಕಾ, ಧೈರ್ಯವಾಗಿ ಕರೆದುಕೊಂಡು ಹೋಗಿ. ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಸತ್ವಾದಲ್ಲಿ ಕೆಲಸಕ್ಕಿದ್ದಾಗ ನನ್ನ ರಾತ್ರಿ ಊಟ ಬಹುಪಾಲು ಇಂಥ ಹೋಟೆಲುಗಳಲ್ಲೇ ಆಗುತ್ತಿತ್ತು. ಅಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ರಾವಿ ರೆಸ್ಟೋರೆಂಟ್. 1978ರಲ್ಲಿ ಶುರುವಾದ ಪಾಕಿಸ್ತಾನಿ ಹೋಟೆಲ್ ಅದು. 2022ರಲ್ಲಿ ಅಡಿಡಾಸ್ ಕಂಪನಿ ಅದರ ಹೆಸರಿನಲ್ಲೇ ಒಂದು ಶೂ ತಂದಿತು, ಅಷ್ಟು ಹೆಸರು ಮಾಡಿದೆ. ಹಾಗಂತ ಝಗಮಗ ಏನೂ ಇಲ್ಲ. ಸಾದಾ ಮೇಜು, ಸಾದಾ ಕುರ್ಚಿ, ಹೊರಗೆ ಫುಟ್‌ಪಾತ್ ಮೇಲೂ ಮೇಜು ಹಾಕಿರುತ್ತಾರೆ. ಟ್ಯಾಕ್ಸಿ ಓಡಿಸುವವರು, ಆಫೀಸಿನವರು, ಟೂರಿಸ್ಟ್‌ಗಳು ಎಲ್ಲ ಪಕ್ಕಪಕ್ಕದಲ್ಲೇ ಕೂತು ಉಣ್ಣುತ್ತಾರೆ. ಅದೇ ಬೀದಿಯ ಆಸುಪಾಸಿನಲ್ಲಿ ಇಂಥ ಇನ್ನೂ ಹೋಟೆಲುಗಳಿವೆ.

ನಾನು ಹೇಳುವುದು ಇಷ್ಟೇ. ಮೆನು ಉದ್ದ ಇದೆ ಅಂತ ಎಲ್ಲದರಲ್ಲೂ ಒಂದೊಂದು ತರಿಸಬೇಡಿ. ಒಂದು ಮಟನ್ ಕಡಾಯಿ, ಒಂದು ದಾಲ್, ಬಿಸಿ ರೊಟ್ಟಿ. ನಿಮ್ಮ ಮನೆಯವರಿಗೆ ಇಷ್ಟು ಸಾಕು. ಕಡಾಯಿಯನ್ನು ಅರ್ಧ ಕಿಲೋ, ಒಂದು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಅರ್ಧ ಕಿಲೋ ಹೇಳಿ, ಬೇಕಾದರೆ ಆಮೇಲೆ ನೋಡೋಣ. ಒಳ್ಳೆಯ ಕಡೆ ಆರ್ಡರ್ ಕೊಟ್ಟ ಮೇಲೇ ಮಾಡುವುದು, ಅದಕ್ಕೇ ತಡ ಆಗುತ್ತದೆ. ಕಾಯಿರಿ. ಬರುವಾಗ ಕಬ್ಬಿಣದ ಬಾಣಲೆಯಲ್ಲೇ ಕೊತಕೊತ ಕುದಿಯುತ್ತಾ ಬರುತ್ತದೆ. ಟೊಮೆಟೊ ಪೂರ್ತಿ ಕರಗಿ ಮಾಂಸಕ್ಕೆ ಹತ್ತಿರುತ್ತದೆ, ಅಂಚಿನಲ್ಲಿ ಎಣ್ಣೆ ಬಿಟ್ಟಿರುತ್ತದೆ, ಮೇಲೆ ಸಣ್ಣಗೆ ಸೀಳಿದ ಶುಂಠಿ, ಹಸಿಮೆಣಸು, ಕೊತ್ತಂಬರಿ. ತೆಂಗಿನಕಾಯಿ ಇಲ್ಲ, ನಾವು ಕೊಡಗಿನವರು ಮಾಂಸಕ್ಕೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯೂ ಇಲ್ಲ. ಹುಳಿಯೆಲ್ಲ ಟೊಮೆಟೊದ್ದೇ. ಆದರೆ ಕಾಳುಮೆಣಸಿನ ಘಾಟು ಇರುತ್ತದಲ್ಲ, ಅದು ಮಾವನವರಿಗೆ ಹಿಡಿಸುತ್ತದೆ. ಎಣ್ಣೆ ಜಾಸ್ತಿ ಹಾಕುತ್ತಾರೆ. ಕಮ್ಮಿ ಬೇಕಿದ್ದರೆ ಮೊದಲೇ ಹೇಳಿಬಿಡಿ.

ರೊಟ್ಟಿ ದೊಡ್ಡದು. ಎಲ್ಲರಿಗೂ ಒಂದೊಂದು ಅಂತ ಒಟ್ಟಿಗೆ ತರಿಸಿದರೆ ತಣ್ಣಗಾಗಿ ಚಕ್ಕಳದ ಹಾಗೆ ಆಗುತ್ತದೆ. ಎರಡು ತರಿಸಿ, ಹರಿದು ಹಂಚಿಕೊಳ್ಳಿ, ಮುಗಿಯುತ್ತಾ ಬಂದಾಗ ಮತ್ತೆರಡು.

ಇನ್ನು ಮಾಂಸದ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಿಹಾರಿ (ನಿಧಾನವಾಗಿ ಬೇಯಿಸಿದ ಮಾಂಸದ ಸಾರು), ಹಲೀಮ್ (ಗೋಧಿ, ಬೇಳೆ ಜೊತೆ ಮಾಂಸ ಅರೆದು ಬೇಯಿಸಿದ್ದು) ಎರಡೂ ಹೆಚ್ಚಾಗಿ ದನದ ಮಾಂಸದಲ್ಲೇ ಮಾಡುತ್ತಾರೆ. ಸೀಖ್ ಕಬಾಬೂ ಎಷ್ಟೋ ಕಡೆ ಅದೇ. ಮೆನುವಿನಲ್ಲಿ ಬರೀ ಗೋಷ್ಟ್ ಅಂತಿದ್ದರೆ ಕೇಳಲೇಬೇಕು. ಅವರ ಮಾತಿನಲ್ಲಿ ಬಡಾ ಗೋಷ್ಟ್ ದನದ್ದು, ಛೋಟಾ ಗೋಷ್ಟ್ ಕುರಿ ಆಡಿನದು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದಿನಾ ಕೇಳಿ ಕೇಳಿ ಅಭ್ಯಾಸ ಅವರಿಗೆ. ಮಾವನವರ ಮಿಲಿಟರಿ ಹಿಂದಿ ಅಲ್ಲಿ ಸಲೀಸಾಗಿ ನಡೆಯುತ್ತದೆ, ಅವರೇ ಕೇಳಲಿ.

ಪಂದಿ ಕರಿ, ಬಿಯರ್ ಆಸೆ ಬೇಡ. ಎಲ್ಲ ಹಲಾಲ್.

ಸೋಮವಾರಪೇಟೆಯಿಂದ

ನಾನು ಸಸ್ಯಾಹಾರಿ. ನಮ್ಮವರ ಜೊತೆ ಇಂಥ ಕಡೆ ಹೋಗಿದ್ದೇನೆ, ಅದಕ್ಕೆ ಅತ್ತೆಯವರ ವಿಷಯ ಮಾತ್ರ ಹೇಳುತ್ತೇನೆ. ಸೋಮವಾರ ಬಿಟ್ಟು ಬೇರೆ ದಿನ ಹೋಗಿ. ದಾಲ್ ಮಾಶ್ ಅಂತ ಉದ್ದಿನಬೇಳೆಯದ್ದು ಒಂದು ಮಾಡುತ್ತಾರೆ, ಬೇಳೆ ಕಲಸಿ ಹೋಗದೆ ಕಾಳುಕಾಳಾಗಿ ಇರುತ್ತದೆ, ತುಂಬಾ ಚೆನ್ನಾಗಿರುತ್ತದೆ. ಆದರೆ ತಂದೂರ್ ಒಂದೇ, ಅಡುಗೆಮನೆ ಒಂದೇ. ಬೇಳೆಗೆ ಮಾಂಸ ಹಾಕಿ ಮಾಡುವ ದಾಲ್ ಗೋಷ್ಟ್ ಕೂಡ ಮೆನುವಿನಲ್ಲಿ ಇರುತ್ತದೆ, ಹೆಸರು ನೋಡಿಕೊಂಡು ಹೇಳಿ. ವ್ರತ ಇಟ್ಟವರಿಗೆ ದುಬೈನಲ್ಲೇ ಇರುವ ಕರಾಮಾ, ಮೀನಾ ಬಜಾರ್ ಕಡೆಯ ಶುದ್ಧ ಸಸ್ಯಾಹಾರಿ ಹೋಟೆಲುಗಳೇ ಸರಿ. ದೋಸೆ, ಥಾಲಿ ಎಲ್ಲ ಸಿಗುತ್ತದೆ.

ನಾಪೋಕ್ಲಿನಿಂದ

ವಿರಾಜಪೇಟೆ ಅಣ್ಣ ಹೇಳಿದ್ದು ಸರಿ. ನನ್ನ ಕಡೆಯಿಂದ ಒಂದೆರಡು. ನೀವು ಹೋಗುವ ದಿನಗಳಲ್ಲಿ ರಂಜಾನ್ ಬರುತ್ತದಾ ನೋಡಿಕೊಳ್ಳಿ. ಅದು ಪ್ರತಿವರ್ಷ ಸುಮಾರು 10-11 ದಿನ ಹಿಂದೆ ಬರುತ್ತದೆ. ಬಂದರೆ ಹಗಲು ಇಂಥ ಎಷ್ಟೋ ಹೋಟೆಲುಗಳ ಬಾಗಿಲು ಹಾಕಿರುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಹೋದರೆ ಉಪವಾಸ ಬಿಡುವವರ ರಶ್, ಜಾಗ ಸಿಗಲ್ಲ. ಸ್ವಲ್ಪ ತಡವಾಗಿ ಹೋಗಿ.

ಮಗುವಿಗೆ ಮಲಾಯಿ ಬೋಟಿ ಕೊಡಿಸಿ. ಕ್ರೀಮ್ ಹಾಕಿ ನೆನೆಸಿದ ಕೋಳಿ, ಕೆಂಡದ ಮೇಲೆ ಸುಟ್ಟದ್ದು, ಖಾರ ಕಮ್ಮಿ. ನಮ್ಮ ಮನೆಯ ಮಕ್ಕಳು ಅದನ್ನು ಬಿಟ್ಟು ಬೇರೆ ಕೇಳುವುದಿಲ್ಲ. ಕೊನೆಗೆ ಒಂದು ಬಟ್ಟಲು ಖೀರು. ಹೆಂಗಸರು, ಮಕ್ಕಳು ಇದ್ದರೆ ಫ್ಯಾಮಿಲಿ ರೂಮ್ ಇದೆಯಾ ಕೇಳಿ, ಹಲವು ಕಡೆ ಇರುತ್ತದೆ.

ಬಿರಿಯಾನಿ ಮಾತ್ರ ಅಲ್ಲಿ ತಗೊಳ್ಳಬೇಡಿ ಅಂತೀನಿ. ಸಿದ್ದಾಪುರ, ವಿರಾಜಪೇಟೆ ಕಡೆಯ ಸಣ್ಣಕ್ಕಿ ಬಿರಿಯಾನಿ ತಿಂದ ನಾಲಿಗೆಗೆ ಅದು ಹಿಡಿಸಲ್ಲ. ಕರಾಮಾದ ಮಲಬಾರ್ ಹೋಟೆಲುಗಳಿಗೆ ಹೋಗಿ.

ವಿರಾಜಪೇಟೆಯಿಂದ

ಬಿರಿಯಾನಿ ವಿಷಯದಲ್ಲಿ ನಾನು ಒಪ್ಪಲ್ಲ ತಮ್ಮಾ. ಕರಾಚಿ ಕಡೆಯವರು ಮಾಡುವ ಬಿರಿಯಾನಿಯಲ್ಲಿ ಆಲೂಗಡ್ಡೆ, ಒಣಗಿದ ಆಲೂಬುಖಾರಾ ಹಣ್ಣು ಇರುತ್ತದೆ, ಮಸಾಲೆಯೂ ಖಾರವಾಗಿರುತ್ತದೆ. ಮಸಾಲೆ ಕುಡಿದ ಆ ಆಲೂಗಡ್ಡೆಗಾಗಿಯೇ ನಾನು ಹೋಗುತ್ತಿದ್ದೆ. ಅಕ್ಕಾ, ಹೊಟ್ಟೆಯಲ್ಲಿ ಜಾಗ ಇದ್ದರೆ ಒಂದು ಪ್ಲೇಟ್ ತರಿಸಿ ರುಚಿ ನೋಡಿ.

ಮಡಿಕೇರಿಯಿಂದ

ಬಿಲ್ ಬಗ್ಗೆ ಒಂದು ಮಾತು. 2018ರಿಂದ ಅಲ್ಲಿ 5% ವ್ಯಾಟ್ ಇದೆ. ಟಿಪ್ಸ್ ಕೊಡಲೇಬೇಕು ಅಂತಿಲ್ಲ, ಆದರೆ ಓಡಾಡಿ ಬಡಿಸುವ ಹುಡುಗರಿಗೆ ಚಿಲ್ಲರೆ ಬಿಟ್ಟು ಬನ್ನಿ, ದೂರದ ಊರಿನಿಂದ ದುಡಿಯಲು ಬಂದವರು. ಈರುಳ್ಳಿ, ಸೌತೆಕಾಯಿಯ ಸಲಾಡನ್ನು ಎಷ್ಟೋ ಕಡೆ ಸುಮ್ನೆ ಕೊಡುತ್ತಾರೆ. ಒಂದು ಹೋಟೆಲಿನಲ್ಲಿ ಮಾತ್ರ ನಾವು ಕೇಳದೆ ತಂದಿಟ್ಟ ನೀರಿನ ಬಾಟಲಿಗೂ, ಸಲಾಡಿಗೂ ದುಡ್ಡು ಹಾಕಿದ್ದರು. ಮುಟ್ಟುವ ಮೊದಲು ಕೇಳಿ.

ಗೋಣಿಕೊಪ್ಪದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಬಿಟ್ಟು ಶುಕ್ರವಾರ ರಾತ್ರಿ ಅಂತ ಇಟ್ಟುಕೊಂಡಿದ್ದೇವೆ. ಮಾವನವರಿಗೆ ಶುಗರ್ ಇದೆ. ಕಡಕ್ ಚಾಯ್ ಸಕ್ಕರೆ ಇಲ್ಲದೆ ಮಾಡಿಕೊಡುತ್ತಾರಾ?

ನಾಪೋಕ್ಲಿನಿಂದ

ಹೆಚ್ಚಾಗಿ ದೊಡ್ಡ ಪಾತ್ರೆಯಲ್ಲಿ ಸಕ್ಕರೆ ಹಾಕಿಯೇ ಕುದಿಸಿಟ್ಟಿರುತ್ತಾರೆ ಅಕ್ಕಾ. ಕೂತ ಕೂಡಲೇ ಬಿನಾ ಶಕರ್ ಅಂತ ಹೇಳಿದರೆ ಕೆಲವು ಕಡೆ ಬೇರೆ ಮಾಡಿಕೊಡುತ್ತಾರೆ. ಆಗಲ್ಲ ಅಂದರೆ ಟೀ ಬ್ಯಾಗ್ ಹಾಕಿ ಕೊಡಲು ಹೇಳಿ. ಲಸ್ಸಿಗೂ ಸಕ್ಕರೆ ಹಾಕುತ್ತಾರೆ, ಅವರಿಗೆ ಉಪ್ಪಿನದ್ದು ಹೇಳಿ.