ತಲೆ ತಿಳಿಯಾಗೋಕೆ ಏನ್ ಮಾಡ್ತೀರಿ ಅಂದ ಪುಟ್ಟಿಗೆ, ಮೂಡಿಗೆರೆಯಿಂದ ಚಿಕ್ಕಪ್ಪ

ಪುಟ್ಟೀ, ನಿನ್ನ ಮೆಸೇಜು ಬೆಳಿಗ್ಗೇನೇ ನೋಡ್ದೆ. ಕನ್ನಡಕ ಸಿಗ್ಲಿಲ್ಲ, ಅದಕ್ಕೆ ಬಾಯಲ್ಲೇ ಹೇಳ್ತಿದೀನಿ. ಕಾಫಿ ತೋಟದಲ್ಲಿದೀನಿ, ಹಿಂದೆ ಜೀರುಂಡೆ ಸದ್ದು ಬಂದ್ರೆ ಸಹಿಸ್ಕೋ. ಬೆಂಗಳೂರಲ್ಲೇ ಇರೋದೋ, ಹಾಸನದ ಕೆಲಸ ಒಪ್ಕೊಳ್ಳೋದೋ ಅಂತ ತಲೆ ಕಲಸುಮೇಲೋಗರ ಆಗಿದೆ, ನೀವೆಲ್ಲ ದಿನಾ ಏನ್ ಮಾಡ್ತೀರಿ ಅಂತ ಕೇಳಿದ್ದೆ. ನಿಮ್ಮ ದೊಡ್ಡಮ್ಮ ಒಂದೆಲಗದ ತಂಬುಳಿ ಅಂದ್ರು. ತಂಬುಳಿ ನಂಗೂ ಇಷ್ಟಾನೇ. ಆದ್ರೆ 40 ವರ್ಷ ಉಂಡೂ ನಾನು ಮಾಡಿರೋ ಎಡವಟ್ಟು ನೋಡಿದ್ರೆ, ಅದೊಂದೇ ಸಾಲದು ಮಾರಾಯ್ತಿ.

ನಂಗೆ ಕೈ ಹಿಡಿದಿದ್ದು ಮಳೆ ಪುಸ್ತಕ. ನಿಮ್ಮಜ್ಜ ದಿನಾ ಬೆಳಿಗ್ಗೆ ರೈನ್ ಗೇಜ್ ನೋಡಿ ಮಳೆ ಎಷ್ಟು ಇಂಚು, ಎಷ್ಟು ಸೆಂಟು ಅಂತ ಬರೆದಿಡ್ತಿದ್ರಲ್ಲ, ಅದೇ. ಸೆಂಟು ಅಂದ್ರೆ ಇಂಚಿನ ನೂರರಲ್ಲಿ ಒಂದು ಪಾಲು. ಒಂದು ವರ್ಷ ನಾನು, ಹೋದ ಸಲ ಕಾಫಿ ಹೂ ಬಿಡಿಸೋ ಹೂಮಳೆ ಯುಗಾದಿ ಹೊತ್ತಿಗೆ ಬಿದ್ದಿತ್ತು, ಈಗಲೇ ಸ್ಪ್ರಿಂಕ್ಲರಲ್ಲಿ ನೀರು ಹೊಡೆಯೋದು ಯಾಕೆ ಅಂತ ವಾದ ಹೂಡಿದೆ. ಅಜ್ಜ ಮಾತಾಡ್ಲಿಲ್ಲ, ಪುಸ್ತಕ ತೆಗೆದು ಮುಂದಿಟ್ರು. ಫೆಬ್ರವರಿ ಕೊನೆಗೇ ಬಿದ್ದಿತ್ತು, 1 ಇಂಚು 10 ಸೆಂಟು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತೆ, ಅದನ್ನ ಮರೆಯೋಕಾಗುತ್ತಾ? ಮರೆತಿದ್ದೆ. ಅದೂ ಎಷ್ಟು ಧೈರ್ಯವಾಗಿ ಸುಳ್ಳು ಹೇಳ್ತಿದ್ದೆ ಅಂತೀನಿ!

ಅವತ್ತಿಂದ ಅದೇ ಪುಸ್ತಕದ ಅಂಚಲ್ಲಿ ಎರಡು ಸಾಲು ಬರೆಯೋ ಅಭ್ಯಾಸ ಮಾಡ್ಕೊಂಡೆ. ಏನು ತೀರ್ಮಾನ ಮಾಡ್ದೆ, ಯಾಕೆ ಮಾಡ್ದೆ, ಮುಂದೆ ಏನಾಗುತ್ತೆ ಅಂದ್ಕೊಂಡಿದೀನಿ, ಇಷ್ಟೇ. ಒಂದ್ಸಲ ಮೆಣಸು ಮಾರದೆ ಇಟ್ಕೊಂಡೆ, ರೇಟು ಬಿತ್ತು. ಮನೇಲಿ ಎಲ್ಲರೂ ‘ನಾವು ಆಗಲೇ ಹೇಳಿದ್ವಿ’ ಅಂದ್ರು. ನಂಗೂ ಒಳಗೊಳಗೇ ಅನುಮಾನ ಇತ್ತು ಅಂತಲೇ ಅನ್ನಿಸ್ತಿತ್ತು. ಪುಸ್ತಕ ನೋಡ್ದೆ. ನನ್ನದೇ ಅಕ್ಷರ: ‘ಪಕ್ಕದ ತೋಟದವರೂ ಮಾರಿಲ್ಲ. ಖಂಡಿತ ಏರುತ್ತೆ.’ ಅನುಮಾನಾನೂ ಇಲ್ಲ, ಮಣ್ಣೂ ಇಲ್ಲ! ಕಾರಣ ಅಂತ ಇದ್ದಿದ್ದು ಪಕ್ಕದ ತೋಟ ಒಂದೇ. ಹಾಗೇ ಹಿಂದಿನ ಪುಟ ತಿರುವಿದ್ರೆ ಇನ್ನೂ ಮೂರು ಕಡೆ ಅದೇ ಪಕ್ಕದ ತೋಟ. ನನ್ನ ರೋಗ ಏನು ಅಂತ ಆವಾಗ ಗೊತ್ತಾಯ್ತು.

ಎಲ್ಲ ಆದ ಮೇಲೆ ‘ನಂಗೆ ಮೊದಲೇ ಗೊತ್ತಿತ್ತು’ ಅನ್ಸೋದು ನನ್ನೊಬ್ಬನ ಹಣೆಬರಹ ಅಲ್ವಂತೆ. ಮನಃಶಾಸ್ತ್ರ ಓದಿರೋ ನಿನ್ನ ಅಣ್ಣ ಹೇಳ್ದ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ, ಮಾಸ್ಕೋಗೆ ಹೋದ್ರಲ್ಲ, ಆಗ ಇಸ್ರೇಲಿನಲ್ಲಿ ಫಿಶ್‌ಹಾಫ್ ಅನ್ನೋ ಮನಃಶಾಸ್ತ್ರಜ್ಞರು ಇನ್ನೊಬ್ಬರ ಜೊತೆ ಸೇರಿ ವಿದ್ಯಾರ್ಥಿಗಳ ಹತ್ರ ‘ಅಲ್ಲಿ ಏನೇನಾಗಬಹುದು’ ಅಂತ ಮೊದಲೇ ಅಂದಾಜು ಬರೆಸ್ಕೊಂಡ್ರು. ಎಲ್ಲ ಮುಗಿದ ಮೇಲೆ ‘ಆವತ್ತು ಏನ್ ಬರೆದಿದ್ರಿ, ನೆನಪು ಮಾಡ್ಕೊಳ್ಳಿ’ ಅಂದ್ರೆ, ನಿಜವಾಗಿ ನಡೆದಿದ್ದನ್ನ ತಾವು ಮೊದಲೇ ಜೋರಾಗಿ ಊಹಿಸಿದ್ವಿ ಅಂತ ಹೆಚ್ಚಿನವರಿಗೆ ನೆನಪಂತೆ. ಓದಿದೋರ ಕತೆಯೇ ಇದು. ನಮ್ಮನೆ ಜಗಲಿ ಮೇಲೆ ಕೂತು ಎಲೆಕ್ಷನ್ ಮಾತಾಡೋರದ್ದು ಕೇಳ್ಬೇಡ.

ಅದಕ್ಕೇ ನೀನು ಇವತ್ತೇ ಬರಿ. ಹಾಸನಕ್ಕೆ ಯಾಕೆ, ಬೆಂಗಳೂರು ಯಾಕೆ, ಹೋದ್ರೆ ಆರು ತಿಂಗಳಿಗೆ ಹೇಗಿರ್ತೀನಿ. ಮೊಬೈಲಲ್ಲಿ ಬೇಡ, ಕಾಗದದಲ್ಲಿ, ತಾರೀಖು ಹಾಕಿ. ‘ಅಪ್ಪ ಅಂದ್ರು’ ಅಂತ ಬರೆಯೋಕೆ ಕೈ ಹೋದ್ರೆ ಅಲ್ಲೇ ನಿಲ್ಸು. ಅದು ನಿಮ್ಮಪ್ಪನ ಕಾರಣ, ನಿಂದಲ್ಲ. ಅಣ್ಣಯ್ಯ, ಇದನ್ನ ಕೇಳಿ ಬೇಜಾರು ಮಾಡ್ಕೋಬೇಡ.

ಮಿಕ್ಕಿದ್ದೆಲ್ಲ ನಿಂಗೆ ಗೊತ್ತಿರೋದೇ. ಫೋನು ಮನೇಲಿಟ್ಟು ಒಂದು ಸುತ್ತು ನಡಿ. ರಾತ್ರಿ ಹನ್ನೊಂದರ ಮೇಲೆ ಯಾವ ತೀರ್ಮಾನಾನೂ ಬೇಡ. ಕಾಫಿ ಬೆಳೆಯೋನೇ ಹೇಳ್ತಿದೀನಿ, ಸಂಜೆ ಮೇಲೆ ಕಾಫಿ ಬಿಡು. ಕುಡಿದ ಕೆಫೀನು ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 5 ಗಂಟೆ ಬೇಕು, ರೊಬಸ್ಟಾ ಜಾತಿ ಕಾಫೀಲಂತೂ ಕೆಫೀನು ಅರೇಬಿಕಾ ಜಾತಿಗಿಂತ ಹತ್ರಹತ್ರ ಎರಡರಷ್ಟು. ನಾನು ಹೋದ ವಾರ ಕಳಿಸಿದ ಪುಡೀಲಿ ರೊಬಸ್ಟಾ ಜಾಸ್ತಿ ಇದೆ, ನಿದ್ದೆ ಬರ್ತಿಲ್ಲ ಅಂದಿದ್ದಕ್ಕೆ ಅರ್ಧ ತಪ್ಪು ನಂದೇ ಇರಬೇಕು.

ಸರಿ, ಆಳುಗಳು ಗೇಟ್ ಹತ್ರ ಕೂಗ್ತಿದಾರೆ, ಇಡ್ತೀನಿ. ಮತ್ತೆ, ಬರೆದಿದ್ದನ್ನ ಫೋಟೋ ತೆಗೆದು ಈ ಗ್ರೂಪಿಗೆ ಹಾಕ್ಬೇಡ. ನಿಮ್ಮತ್ತೆ ಈಗಲೇ ‘ಟೈಪಿಂಗ್’ ಅಂತ ತೋರಿಸ್ತಿದೆ.