ಬಾಳಕ ಅಂದರೆ ಮೆಣಸಿನಕಾಯಿಯಾ, ಮಾಡುವ ಬಗೆಯಾ?

ಎಲ್ಲರಿಗೂ ನಮಸ್ಕಾರ. ಬಾಳಕ ಅನ್ನೋ ಪದದ ಬಗ್ಗೆ ಕೇಳಬೇಕಿತ್ತು.

ನಾನು ಮೈಸೂರಿನವಳು, ಮದುವೆಯಾಗಿ ಬಂದಿದ್ದು ಸೋಮವಾರಪೇಟೆ ಕಡೆಗೆ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿಗೆ ನಮ್ಮಮ್ಮ ಬಾಳಕ ಅಂತಿದ್ದರು. ಇಲ್ಲಿ ಅತ್ತೆ ಅದನ್ನೇ ಮಜ್ಜಿಗೆ ಮೆಣಸು ಅನ್ನುತ್ತಾರೆ. ಶಿವಮೊಗ್ಗ ಕಡೆಯಿಂದ ಬಂದ ನನ್ನ ಓರಗಿತ್ತಿಗೆ ಅದು ಸಂಡಿಗೆ ಮೆಣಸು. ಮೂರೂ ಒಂದೇ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

ಈ ಸಲ ಮಾರ್ಚ್‌ನಲ್ಲಿ ಕಾಫಿ ಒಣಗಿ ಕಣ ಖಾಲಿಯಾದ ಮೇಲೆ ಎಲ್ಲರೂ ಮೆಣಸಿನಕಾಯಿ ಹಿಡಿದು ಕೂತೆವು. ಮಳೆ ಹಿಡಿದರೆ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮೆಣಸಿನಕಾಯಿ ಎಲ್ಲಿಂದ ಒಣಗಬೇಕು! ತೊಟ್ಟು ಹಾಗೇ ಇರಬೇಕು, ಉದ್ದಕ್ಕೆ ಒಂದೇ ಸೀಳು, ತುದಿ ಬಿಟ್ಟುಕೊಂಡು ಎರಡು ಹೋಳಾಗಬಾರದು. ಉಪ್ಪು, ಇಂಗು, ಮೆಂತ್ಯದ ಪುಡಿ ಹಾಕಿದ ಹುಳಿ ಮಜ್ಜಿಗೆಗೆ ಹಾಕಿಟ್ಟು, ಹಗಲು ಬಿಸಿಲಿಗೆ ಹರಡಿ, ರಾತ್ರಿ ಮತ್ತೆ ಅದೇ ಮಜ್ಜಿಗೆಗೆ, ಹೀಗೆ ಮಜ್ಜಿಗೆಯನ್ನೆಲ್ಲ ಹೀರಿಕೊಳ್ಳುವ ತನಕ. ಪಕ್ಕದಲ್ಲೇ ನಾನು ಹಾಗಲಕಾಯಿ ಬಿಲ್ಲೆ ಹರಡಿ, ಇದು ಹಾಗಲಕಾಯಿ ಬಾಳಕ ಅಂದೆ. ಅತ್ತೆ ತಕ್ಷಣ ಕೇಳಿದರು: "ಅಲ್ಲ ಮಗ, ಅದರಲ್ಲಿ ಮೆಣಸೇ ಇಲ್ವಲ್ಲ, ಬಾಳಕ ಹೇಗಾಯ್ತು?"

ಅವರು ಕೇಳಿದ ಮೇಲೇ ನಾನು ಯೋಚಿಸಿದ್ದು. ಬಾಳಕ ಮೆಣಸಿನಕಾಯಿಯ ಹೆಸರೇ ಅಲ್ಲ ಅನ್ನಿಸುತ್ತೆ. ಕೊಯ್ದು, ಉಪ್ಪು ಹಿಡಿಸಿ, ಒಣಗಿಸಿ, ಬೇಕಾದಾಗ ಎಣ್ಣೆಯಲ್ಲಿ ಕರಿಯೋದಕ್ಕೇ ಆ ಹೆಸರು. ತೊಂಡೆಕಾಯಿ, ಗೋರಿಕಾಯಿ ಬಾಳಕವೂ ಇದೆ. ಅಮ್ಮ ಪೂರ್ತಿಯಾಗಿ ಹೇಳುವಾಗ ಬಾಳಕದ ಮೆಣಸಿನಕಾಯಿ ಅಂತಲೇ ಹೇಳೋದು. ಹಾಗಾದರೆ ಮಜ್ಜಿಗೆ ಮೆಣಸು ಬಾಳಕದಲ್ಲಿ ಒಂದು ಬಗೆ ಅಷ್ಟೇ, ಅಲ್ವಾ?

ಆದರೆ ಗಾಂಧಾರಿ ಮೆಣಸಿಗೆ ಬಂದಾಗ ಮತ್ತೆ ಗೊಂದಲ. ಸೂಜಿ ಮೆಣಸು, ಜೀರಿಗೆ ಮೆಣಸು ಅಂತಾರಲ್ಲ, ಅದೇ. ಹಕ್ಕಿಗೆ ಖಾರ ತಾಗುವುದಿಲ್ಲ, ತಿಂದು ಹೋದಲ್ಲೆಲ್ಲ ಬೀಜ ಬಿದ್ದು ಕಾಫಿ ಗಿಡದ ಬುಡದಲ್ಲಿ ತಾನಾಗಿ ಹುಟ್ಟುತ್ತದೆ. ಹೆಚ್ಚಿನದನ್ನು ಅತ್ತೆ ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಡುತ್ತಾರೆ, ಆಷಾಢದಲ್ಲಿ ಬಿಸಿ ಗಂಜಿಗೆ ಎರಡು ಕಾಯಿ ನುರಿದುಕೊಂಡರೆ ಸಾಕು. ಸ್ವಲ್ಪವನ್ನು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸುತ್ತಾರೆ, ಆದರೆ ಇಡಿಯಾಗಿ. ಅಷ್ಟು ಸಣ್ಣ ಕಾಯಿಯನ್ನು ಯಾರು ಸೀಳುತ್ತಾರೆ? ಫೋನ್‌ನಲ್ಲಿ ಅಮ್ಮನನ್ನು ಕೇಳಿದೆ, ಸೀಳದೆ ಇದ್ದದ್ದು ಬಾಳಕ ಅಲ್ಲವೇ ಅಲ್ಲ ಅಂದರು.

ನನಗೆ ತಿಳಿಯಬೇಕಾದದ್ದು ಇದು. ಕೊಯ್ಯುವುದು, ಸೀಳುವುದು ಈ ಪದದ ಅರ್ಥದಲ್ಲೇ ಇದೆಯಾ? ಹಳಗನ್ನಡದಲ್ಲಿ ಬಾಳ್ ಅಂದರೆ ಕತ್ತಿ, ಅದಕ್ಕೂ ಇದಕ್ಕೂ ನಂಟಿದೆಯಾ, ಸುಮ್ನೆ ಕಿವಿಗೆ ಒಂದೇ ಥರ ಕೇಳುತ್ತಾ? ನಿಮ್ಮ ಮನೆಯಲ್ಲಿ ಇಡಿಯಾಗಿ ಒಣಗಿಸಿದ ಕಾಯಿಗೆ ಏನಂತೀರಿ, ಯಾವ ಊರು ಅನ್ನೋದನ್ನೂ ಸೇರಿಸಿ ಬರೆಯಿರಿ.